ಎಳೆಯ ಮಕ್ಕಳ ಮೈಚಳಕ ಮತ್ತು ಅಂಗಳದ ಆಟಗಳು

ಮಗುವಿನ ಬೆಳವಣಿಗೆ ಎಂದೊಡನೆ ತಾಯ್ತಂದೆಯರು ಸಾಮಾನ್ಯವಾಗಿ ವಿಚಾರಿಸುವುದು ಅದರ ತೂಕವನ್ನು, ಎತ್ತರವನ್ನು, ಹಲ್ಲು ಮೂಡಿದ ತಿಂಗಳನ್ನು. ಇವುಗಳನ್ನು ವಿಚಾರಿಸಬೇಕಾದುದು ಸರಿಯೇ. ಆದರೆ ಮಗು ಓಡುವಾಗ ಅದರ ಹೆಜ್ಜೆ ಹೇಗೆ ಬೀಳುತ್ತದೆ, ಒಂಟಿಕಾಲಿನ ಮೇಲೆ ಅದು ಎಷ್ಟು ಹೊತ್ತು ನಿಲ್ಲಬಲ್ಲದು, ತನ್ನತ್ತ ಬಂದ ಚೆಂಡನ್ನು ಹಿಡಿಯುತ್ತದೆಯೇ ಅಥವಾ ಕಣ್ಣು ಮುಚ್ಚಿ ಮುಖ ತಿರುಗಿಸಿಕೊಳ್ಳುತ್ತದೆಯೇ ಎಂಬುದನ್ನು ಗಮನಿಸುವವರು ವಿರಳ. ಇದೂ ಬೆಳವಣಿಗೆಯೇ ಆಗಿದೆ. ತೂಕದ ಗೆರೆ ಸರಿಯಾಗಿ ಏರುತ್ತಿದ್ದರೂ ಈ ಬೆಳವಣಿಗೆಯಲ್ಲಿ ಹಿಂದೆ ಬಿದ್ದಿರುವ ಮಕ್ಕಳನ್ನು ಪಟ್ಟಣಗಳಲ್ಲಿಯೂ, ಹಳ್ಳಿಗಳಲ್ಲಿಯೂ ವೈದ್ಯರಾದ ನಾವು ಕಾಣುತ್ತಿದ್ದೇವೆ.

“ಓಡುವುದನ್ನು, ನೆಗೆಯುವುದನ್ನು ಯಾರಾದರೂ ಕಲಿಸಬೇಕೇ? ವಯಸ್ಸಿಗೆ ತಕ್ಕಂತೆ ತಾನಾಗಿಯೇ ಬರುತ್ತದೆ” ಎಂದು ನೀವು ಹೇಳಬಹುದು. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಕತ್ತು ನಿಲ್ಲುವುದು, ಕುಳಿತುಕೊಳ್ಳುವುದು, ನಡೆಯುವುದು ಇವು ಆರೋಗ್ಯವಂತ ಮಗುವಿಗೆ ಪ್ರಕೃತಿಯಿಂದಲೇ ಒದಗುತ್ತವೆ. ಭಾರತವೂ ಸೇರಿದಂತೆ ಐದು ದೇಶಗಳ ಮಕ್ಕಳನ್ನು ಗಮನಿಸಿ ವಿಶ್ವ ಆರೋಗ್ಯ ಸಂಸ್ಥೆಯು 2006ರಲ್ಲಿ ಪ್ರಕಟಿಸಿದ ಅಳತೆಯ ಪ್ರಕಾರ, ಆರೋಗ್ಯವಂತ ಮಕ್ಕಳು ಸುಮಾರು 8 ತಿಂಗಳಿಂದ 18 ತಿಂಗಳೊಳಗೆ ಆಧಾರವಿಲ್ಲದೆ ಹೆಜ್ಜೆ ಹಾಕುತ್ತಾರೆ. ಆದರೆ ಕುಂಟುವುದು, ಗುರಿಯಿಟ್ಟು ಎಸೆಯುವುದು, ಹಿಡಿಯುವುದು, ಓಡುತ್ತಿರುವಾಗಲೇ ತಟ್ಟನೆ ನಿಂತು ಬೇರೆ ದಿಕ್ಕಿಗೆ ತಿರುಗುವುದು ಇವು ಕಲಿಯಬೇಕಾದ ವಿದ್ಯೆಗಳು. ಎಂದೂ ಚೆಂಡೆಸೆಯದೆ ಬೆಳೆದ ಒಬ್ಬ ದೊಡ್ಡವರ ಕೈಗೆ ಚೆಂಡು ಕೊಟ್ಟು ದೂರಕ್ಕೆ ಎಸೆಯಲು ಹೇಳಿ ನೋಡಿರಿ. ಕೈ ಮಾತ್ರ ಮುಂದೆ ಹೋಗುತ್ತದೆ. ಸೊಂಟ ತಿರುಗುವುದಿಲ್ಲ, ಕಾಲು ಮುಂದಿಡುವುದಿಲ್ಲ. ಮೂರು ನಾಲ್ಕು ವರ್ಷದ ಮಗು ಎಸೆಯುವುದೂ ಹೀಗೆಯೇ. ವಯಸ್ಸು ಮೂವತ್ತಾಗಿದೆ, ಎಸೆತಕ್ಕೆ ಮಾತ್ರ ನಾಲ್ಕೇ ವರ್ಷ!

ಈ ವಿದ್ಯೆಗಳು ಸುಲಭವಾಗಿ ಮೈಗೂಡುವ ಕಾಲ ಎರಡರಿಂದ ಏಳೆಂಟು ವರ್ಷದವರೆಗಿನ ಅವಧಿ. ಇವುಗಳ ಪಾಠಶಾಲೆ ಮನೆಯ ಮುಂದಿನ ಅಂಗಳ. ಉಪಾಧ್ಯಾಯರು ನೆರೆಹೊರೆಯ ದೊಡ್ಡ ಮಕ್ಕಳು. ಇದಕ್ಕೆ ಶುಲ್ಕವಿಲ್ಲ, ಸಲಕರಣೆಯೂ ಬೇಕಿಲ್ಲ. ಬೇಕಾದುದು ಜಾಗ, ಹೊತ್ತು ಮತ್ತು ಹಿರಿಯರ ಒಪ್ಪಿಗೆ. ಈ ಮೂರರಲ್ಲಿ ನಮ್ಮ ಅನುಭವದಂತೆ ಅತ್ಯಂತ ದುರ್ಲಭವಾದುದು ಮೂರನೆಯದು.

ಮೈಯೊಳಗೆ ನಡೆಯುವುದೇನು?

ಮಿದುಳಿನ ಹಿಂಬದಿಯಲ್ಲಿ, ಕೆಳಗಡೆ, ಕಿರುಮಿದುಳು ಎಂಬ ಭಾಗವಿದೆ. ಮೈಯ ಸಮತೋಲ ಹಾಗೂ ಚಲನೆಗಳ ಹೊಂದಾಣಿಕೆ ಇದರ ಮುಖ್ಯ ಕಾರ್ಯ. ಮಗುವೊಂದು ಮೆಟ್ಟಿಲಿನಿಂದ ಕೆಳಕ್ಕೆ ನೆಗೆಯಿತೆನ್ನಿ. ಕಣ್ಣು ದೂರವನ್ನು ಅಳೆಯುತ್ತದೆ. ಒಳಕಿವಿಯಲ್ಲಿರುವ ಸಮತೋಲದ ಅಂಗವು ತಲೆ ಎತ್ತ ವಾಲಿತೆಂಬುದನ್ನು ತಿಳಿಸುತ್ತದೆ. ಸ್ನಾಯು ಮತ್ತು ಕೀಲುಗಳಲ್ಲಿರುವ ನರತುದಿಗಳು ಮೊಣಕಾಲು ಎಷ್ಟು ಮಡಿಚಿತು, ಪಾದ ಎಷ್ಟು ಬಲವಾಗಿ ನೆಲ ಮುಟ್ಟಿತು ಎಂಬ ವರದಿ ಕಳುಹಿಸುತ್ತವೆ. ಮಾಡಬೇಕೆಂದುಕೊಂಡ ನೆಗೆತಕ್ಕೂ, ನಿಜವಾಗಿ ಆದ ನೆಗೆತಕ್ಕೂ ಇರುವ ವ್ಯತ್ಯಾಸವನ್ನು ಕಿರುಮಿದುಳು ಲೆಕ್ಕ ಹಾಕಿ ಮುಂದಿನ ನೆಗೆತವನ್ನು ತಿದ್ದುತ್ತದೆ. ತಪ್ಪಾಗದಿದ್ದರೆ ತಿದ್ದುವುದಕ್ಕೆ ಅವಕಾಶವೇ ಇಲ್ಲ. ಆದುದರಿಂದ ಮಗು ಮುಗ್ಗರಿಸುವುದನ್ನು, ಚೆಂಡು ಬಿಡುವುದನ್ನು, ಕುಂಟುವಾಗ ಎರಡನೆಯ ಕಾಲು ಊರಿಬಿಡುವುದನ್ನು ಕಂಡು ನಗಬಾರದು, ಗದರಿಸಲೂಬಾರದು. ಅದು ಆಗ ಪಾಠ ಕಲಿಯುತ್ತಿದೆ. ಪುನಃ ಪುನಃ ಬಳಸಿದ ನರತಂತುಗಳ ಸುತ್ತಲಿನ ಕೊಬ್ಬಿನ ಕವಚ ದಟ್ಟವಾಗಿ ಸಂದೇಶಗಳು ಹೆಚ್ಚು ವೇಗವಾಗಿ ಹರಿಯುತ್ತವೆ. ಆರನೆಯ ವರ್ಷದ ಹೊತ್ತಿಗೆ ಮಿದುಳು ತನ್ನ ಪೂರ್ಣ ಗಾತ್ರದ ಹತ್ತರಲ್ಲಿ ಒಂಬತ್ತು ಭಾಗವನ್ನು ಮುಟ್ಟಿರುತ್ತದೆ ಎಂಬುದನ್ನು ನೆನೆದರೆ ಈ ವಯಸ್ಸಿನ ಮಹತ್ವ ತಿಳಿದೀತು.

ಮೂಳೆಗಳ ವಿಷಯವೂ ಹೀಗೆಯೇ. ಮೂಳೆ ಜೀವವಿರುವ ವಸ್ತು. ನೆಲಕ್ಕೆ ಬಡಿಯುವ ಪೆಟ್ಟು ಬಿದ್ದಷ್ಟೂ ಅದು ತನ್ನೊಳಗೆ ಹೆಚ್ಚು ಸುಣ್ಣಾಂಶವನ್ನು ಕಟ್ಟಿಕೊಳ್ಳುತ್ತದೆ. ಈಜು, ಸೈಕಲ್ಲು ಮುಂತಾದವು ಹೃದಯಕ್ಕೂ ಶ್ವಾಸಕೋಶಕ್ಕೂ ಹಿತಕರವಾದರೂ ಮೂಳೆ ಕಟ್ಟುವ ಕಾರ್ಯದಲ್ಲಿ ನೆಗೆತದ ಆಟಗಳಿಗೆ ಸಮವಲ್ಲ. ಬಿಸಿಲು ಮೈಗೆ ತಾಕಿ ‘ಡಿ’ ಜೀವಸತ್ವ ದೊರೆಯುವುದು ಹೊರಗಿನ ಆಟದ ಮತ್ತೊಂದು ಲಾಭ.

ಇನ್ನೊಂದು ನಿಯಮವನ್ನೂ ಇಲ್ಲಿಯೇ ಹೇಳಬೇಕು. ಮಗುವಿನ ಹತೋಟಿ ಬೆಳೆಯುವುದು ತಲೆಯಿಂದ ಪಾದದ ಕಡೆಗೆ, ನಡುಮೈಯಿಂದ ಬೆರಳ ತುದಿಯ ಕಡೆಗೆ. ಭುಜ ಗಟ್ಟಿಯಾಗದೆ ಬೆರಳು ಹಿಡಿತಕ್ಕೆ ಬರುವುದಿಲ್ಲ. ಮೂರು ವರ್ಷದ ಕೂಸಿನ ಕೈಗೆ ಪೆನ್ಸಿಲು ಕೊಟ್ಟು ದಿನಕ್ಕೆ ಎರಡು ಪುಟ ಬರೆಸುವ ಶಾಲೆಗಳನ್ನು ಹೆಮ್ಮೆಯಿಂದ ಹೊಗಳುವ ತಂದೆಯರನ್ನು ನಾನು ಕಂಡಿದ್ದೇನೆ. ಆ ಹೊತ್ತಿನಲ್ಲಿ ಮಗು ಮರದ ಕೊಂಬೆಗೆ ಜೋತುಬಿದ್ದಿದ್ದರೆ, ಮರಳಿನಲ್ಲಿ ಗುಂಡಿ ತೋಡಿದ್ದರೆ, ಮುಂದೆ ಅದರ ಅಕ್ಷರಕ್ಕೇ ಹೆಚ್ಚು ಪ್ರಯೋಜನವಾಗುತ್ತಿತ್ತು.

ಎಷ್ಟು ಹೊತ್ತು ಆಡಬೇಕು?

ಒಂದರಿಂದ ನಾಲ್ಕು ವರ್ಷದ ಮಕ್ಕಳು ದಿನವೊಂದಕ್ಕೆ ಒಟ್ಟು 180 ನಿಮಿಷ, ಅಂದರೆ ಮೂರು ಗಂಟೆ, ಯಾವುದಾದರೊಂದು ಬಗೆಯಲ್ಲಿ ಮೈ ಆಡಿಸುತ್ತಿರಬೇಕು. ಮೂರು ಮತ್ತು ನಾಲ್ಕನೆಯ ವರ್ಷಗಳಲ್ಲಿ ಅದರ ಪೈಕಿ 60 ನಿಮಿಷವಾದರೂ ಉಸಿರು ಜೋರಾಗುವಂತಹ ಆಟವಾಗಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸೂಚಿಸಿದೆ. ಐದು ವರ್ಷ ದಾಟಿದವರಿಗೆ ದಿನಕ್ಕೆ ಸರಾಸರಿ 60 ನಿಮಿಷದ ಚುರುಕಾದ ಆಟ ಬೇಕು. ವಾರದಲ್ಲಿ ಮೂರು ದಿನವಾದರೂ ಸ್ನಾಯು ಮತ್ತು ಮೂಳೆಗಳಿಗೆ ಬಲ ಬರುವಂತಹ ನೆಗೆತ, ಹತ್ತುವಿಕೆ ಇರಬೇಕು. ಮೂರು ಗಂಟೆ ಎಂದೊಡನೆ ಗಾಬರಿಯಾಗಬೇಡಿ. ಇದು ಒಂದೇ ಸಲಕ್ಕೆ ಆಗಬೇಕಾದುದಲ್ಲ. ಕೋಳಿಯ ಹಿಂದೆ ಓಡಿದ್ದು, ಅಜ್ಜಿಯ ಜೊತೆ ತೋಟಕ್ಕೆ ನಡೆದದ್ದು, ನೀರಿನ ಚೊಂಬು ಹೊತ್ತು ತಂದದ್ದು ಎಲ್ಲವೂ ಈ ಲೆಕ್ಕಕ್ಕೆ ಸೇರುತ್ತವೆ. ಮೊಬೈಲ್ ಫೋನಿನ ಮುಂದೆ ಕುಳಿತದ್ದು ಸೇರುವುದಿಲ್ಲ. ಎರಡು ವರ್ಷ ತುಂಬದ ಮಗುವಿಗೆ ಪರದೆಯ ನೋಟವೇ ಬೇಡ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಯನ್ನು ಮೀರಬಾರದು.

“ನಮ್ಮ ಮಗು ಬಹಳ ಜಾಣ, ಫೋನು ಕೊಟ್ಟು ಕೂರಿಸಿದರೆ ಕೂತಲ್ಲಿಂದ ಏಳುವುದಿಲ್ಲ” ಎನ್ನುವ ತಾಯಂದಿರಿದ್ದಾರೆ. ವೈದ್ಯರ ಕಿವಿಗೆ ಇದು ಹೊಗಳಿಕೆಯಾಗಿ ಕೇಳಿಸುವುದಿಲ್ಲ. ಒಬ್ಬ ತಾಯಿ ತನ್ನ ನಾಲ್ಕು ವರ್ಷದ ಮಗನನ್ನು, ನಡೆಯುವಾಗ ಆಗಾಗ ಬೀಳುತ್ತಾನೆಂದು ನಮ್ಮ ಆಸ್ಪತ್ರೆಗೆ ಕರೆತಂದರು. ಮಿದುಳಿನ ಫೋಟೋ ತೆಗೆಸಬೇಕೇ ಎಂಬುದು ಅವರ ಆತಂಕವಾಗಿತ್ತು. ಕಾಲು, ಬೆನ್ನು, ಕಣ್ಣು, ಕಿವಿ, ರಕ್ತ ಎಲ್ಲವೂ ಸರಿಯಾಗಿದ್ದವು. ವಿಚಾರಿಸಲಾಗಿ, ಮನೆ ಎರಡನೆಯ ಮಹಡಿಯಲ್ಲಿ; ಕೆಳಗೆ ವಾಹನಗಳ ರಸ್ತೆ; ಹೊರಗೆ ಹೋಗುವಾಗಲೆಲ್ಲ ಹುಡುಗ ತಂದೆಯ ಹೆಗಲ ಮೇಲೆ ಅಥವಾ ಸ್ಕೂಟರಿನ ಮೇಲೆ. ಏರುಪೇರಾದ ನೆಲವನ್ನು ಅವನ ಪಾದಗಳು ತಿಳಿದೇ ಇರಲಿಲ್ಲ. ಔಷಧಿ ಬರೆಯಲಿಲ್ಲ, ದಿನವೂ ಸಂಜೆ ಸರ್ಕಾರಿ ಶಾಲೆಯ ಮೈದಾನಕ್ಕೆ ದೊಡ್ಡಪ್ಪನ ಮಕ್ಕಳ ಜೊತೆ ಒಂದು ಗಂಟೆ ಕಳುಹಿಸುವಂತೆ ತಿಳಿಸಿದೆವು. ಮೂರು ತಿಂಗಳ ನಂತರ ಅದೇ ತಾಯಿ ಮರಳಿ ಬಂದರು. ಬೀಳುವುದು ಬಹುಮಟ್ಟಿಗೆ ನಿಂತಿತ್ತು. ಮೊಣಕಾಲಿನ ತುಂಬ ತರಚು ಗಾಯಗಳಿದ್ದವು. ಈ ಸಲ ಅವರ ಚಿಂತೆ ಆ ಗಾಯಗಳದಾಗಿತ್ತು!

ಯಾವ ವಯಸ್ಸಿಗೆ ಯಾವ ಆಟ?

ಒಂದು ವರ್ಷದೊಳಗಿನ ಕೂಸಿಗೆ ಆಟವೆಂದರೆ ನೆಲ. ಎಚ್ಚರವಿರುವಾಗ ದಿನಕ್ಕೆ ಅರ್ಧ ಗಂಟೆಯಾದರೂ, ಬಿಡಿಬಿಡಿಯಾಗಿ, ಬೋರಲಾಗಿ ಮಲಗಿಸಿ ಆಡಿಸಬೇಕು. ಪೇಟೆಯಲ್ಲಿ ದೊರೆಯುವ, ಮಗುವನ್ನು ನಡುವೆ ಕೂರಿಸಿ ಬಿಡುವ ಗಾಲಿಯ ‘ವಾಕರ್’ ಖಂಡಿತ ಬೇಡ. ಅದು ನಡಿಗೆಯನ್ನು ಬೇಗ ಕಲಿಸುವುದಿಲ್ಲ. ಮೆಟ್ಟಿಲಿನಿಂದ ಉರುಳುವುದಕ್ಕೂ, ಒಲೆಯ ಬಳಿ ಸುಟ್ಟುಕೊಳ್ಳುವುದಕ್ಕೂ ಕಾರಣವಾಗುತ್ತದೆ. ಕೆನಡಾ ದೇಶವು 2004ರಲ್ಲಿ ಅದರ ಮಾರಾಟವನ್ನೇ ನಿಷೇಧಿಸಿತು. ನಮ್ಮ ಬಡಗಿಗಳು ಮಾಡಿಕೊಡುತ್ತಿದ್ದ ಮೂರು ಗಾಲಿಯ ಮರದ ತಳ್ಳುಗಾಡಿ ಇದಕ್ಕಿಂತ ಎಷ್ಟೋ ಮೇಲು, ಏಕೆಂದರೆ ಅದರಲ್ಲಿ ಮಗು ತನ್ನ ಭಾರವನ್ನು ತಾನೇ ಹೊತ್ತು ನಿಲ್ಲಬೇಕು.

ಎರಡು ವರ್ಷದ ಸುಮಾರಿಗೆ ಮಗು ಎರಡೂ ಕಾಲು ಕೂಡಿಸಿ ಕುಪ್ಪಳಿಸಲು ತೊಡಗುತ್ತದೆ. ಮೂರಕ್ಕೆ ಒಂಟಿಕಾಲಿನ ಮೇಲೆ ಕ್ಷಣಕಾಲ ನಿಲ್ಲುತ್ತದೆ. ಹೆಜ್ಜೆಗೊಂದು ಮೆಟ್ಟಿಲಿನಂತೆ ಹತ್ತುತ್ತದೆ. ಈ ವಯಸ್ಸಿಗೆ ಹೇಳಿ ಮಾಡಿಸಿದಂತಹವು ಅನುಕರಣೆಯ ಆಟಗಳು: ಕಪ್ಪೆಯಂತೆ ಕುಪ್ಪಳಿಸುವುದು, ಆನೆಯಂತೆ ಕೈಕಾಲೂರಿ ನಡೆಯುವುದು, ಏಡಿಯಂತೆ ಪಕ್ಕಕ್ಕೆ ಸರಿಯುವುದು. ಕೆರೆ–ದಡ ಆಟವನ್ನೂ ಮೂರೂವರೆ ನಾಲ್ಕು ವರ್ಷಕ್ಕೆ ಆರಂಭಿಸಬಹುದು. ನೆಲದ ಮೇಲೊಂದು ಗೆರೆ. ಒಬ್ಬರು “ಕೆರೆ” ಎಂದರೆ ಒಳಕ್ಕೆ, “ದಡ” ಎಂದರೆ ಹೊರಕ್ಕೆ ನೆಗೆಯಬೇಕು. ಕೂಗುವವರು ಕೆಲವೊಮ್ಮೆ ಒಂದೇ ಮಾತನ್ನು ಎರಡು ಸಲ ಕೂಗಿ ಮೋಸಗೊಳಿಸುತ್ತಾರೆ. ಆಗ ನೆಗೆಯಲು ಸಿದ್ಧವಾದ ಮೈಯನ್ನು ತಡೆದು ನಿಲ್ಲಿಸಬೇಕು. ನೆಗೆಯುವುದಕ್ಕಿಂತ ನೆಗೆಯದೆ ನಿಲ್ಲುವುದೇ ಎಳೆಯ ಮಗುವಿಗೆ ಕಠಿಣ. ಆಟದ ಸಾರ ಇರುವುದೂ ಅಲ್ಲಿಯೇ.

ಚೆಂಡಿನ ವಿಷಯದಲ್ಲಿ ಒಂದು ಮಾತು. ಮೂರು ವರ್ಷದ ಮಗು ಚೆಂಡನ್ನು ಅಂಗೈಯಿಂದ ಹಿಡಿಯುವುದಿಲ್ಲ. ತೋಳುಗಳನ್ನು ಮುಂದೆ ಚಾಚಿ ಎದೆಗೆ ಅವಚಿಕೊಳ್ಳುತ್ತದೆ. ಅಂಗೈಯಲ್ಲಿ ಹಿಡಿಯುವುದು ಐದಾರು ವರ್ಷಕ್ಕೆ ಬರುತ್ತದೆ. ಆದುದರಿಂದ ಮೊದಲಿಗೆ ತೆಂಗಿನಕಾಯಿ ಗಾತ್ರದ, ಹಗುರವಾದ, ಮೆತ್ತನೆಯ ಚೆಂಡು ಬೇಕು. ಹಳೆಯ ಬಟ್ಟೆಯನ್ನು ಉಂಡೆ ಮಾಡಿ ದಾರ ಸುತ್ತಿದರೆ ಸಾಕು. ನಾಲ್ಕಡಿ ದೂರದಿಂದ, ಕೆಳಗೈಯಿಂದ, ನಿಧಾನವಾಗಿ ಹಾಕಬೇಕು. ಗಟ್ಟಿಯಾದ ಚೆಂಡಿನಿಂದ ಒಮ್ಮೆ ಮೂಗಿಗೆ ಪೆಟ್ಟು ಬಿದ್ದ ಮಗು ಮುಂದೆ ವರ್ಷಗಟ್ಟಲೆ ಚೆಂಡು ಕಂಡರೆ ಕಣ್ಣು ಮುಚ್ಚುತ್ತದೆ. (ಎಳೆಯ ಮಕ್ಕಳಿಗೆ ಬಲೂನು ಬೇಡ. ಒಡೆದ ಚೂರು ಉಸಿರುನಾಳಕ್ಕೆ ಸಿಕ್ಕಿಕೊಂಡರೆ ಪ್ರಾಣಾಪಾಯ.)

ನಾಲ್ಕು ವರ್ಷಕ್ಕೆ ಕುಂಟುವುದು ಆರಂಭವಾಗುತ್ತದೆ. ಇಲ್ಲಿಂದ ಮುಂದೆ ಕುಂಟೆಬಿಲ್ಲೆಯನ್ನು ಮೀರಿಸಿದ ಆಟ ನನಗೆ ತಿಳಿದಿಲ್ಲ. ಒಂದು ಇದ್ದಿಲ ಚೂರು, ಒಂದು ಹೆಂಚಿನ ಬಿಲ್ಲೆ, ಮೂರು ಮಾರು ನೆಲ ಇವಿಷ್ಟೇ ಇದರ ಬಂಡವಾಳ. ಬಿಲ್ಲೆಯನ್ನು ಗೆರೆ ಮುಟ್ಟದಂತೆ ಮನೆಯೊಳಗೆ ಎಸೆಯುವಾಗ ಗುರಿ ಮತ್ತು ಬಲದ ಅಳತೆ. ಒಂಟಿಕಾಲಿನಲ್ಲಿ ಕುಂಟುವಾಗ ಇಡೀ ಮೈಯ ಭಾರ, ಅಷ್ಟೇ ಅಲ್ಲ ಅದರ ಹಲವು ಪಟ್ಟು ಬಲ, ಒಂದೇ ಕಾಲಿನ ಮೇಲೆ. ಬಾಗಿ ಬಿಲ್ಲೆ ಎತ್ತಿಕೊಳ್ಳುವಾಗ ಹಿಮ್ಮಡಿಯಿಂದ ನಡುವಿನವರೆಗಿನ ಸ್ನಾಯುಗಳೆಲ್ಲ ಸೇರಿ ಸಮತೋಲ ಕಾಯಬೇಕು. ತಿರುಗಿ ಬರುವಾಗ ಗಾಳಿಯಲ್ಲಿಯೇ ಮೈ ಹೊರಳಿಸಬೇಕು. ವ್ಯಾಯಾಮ ಶಾಲೆಯಲ್ಲಿ ಬೇರೆ ಬೇರೆಯಾಗಿ ಕಲಿಸುವ ನಾಲ್ಕು ಸಾಧನೆಗಳು ಇಲ್ಲಿ ಒಂದೇ ಸುತ್ತಿನಲ್ಲಿ ಮುಗಿಯುತ್ತವೆ. ಚಿಕ್ಕವರಿಗೆ ಮನೆಗಳನ್ನು ದೊಡ್ಡದಾಗಿ ಬರೆಯಿರಿ, ನಡುವೆ ಎರಡೂ ಕಾಲೂರುವ ಮನೆಗಳನ್ನು ಬಿಡಿರಿ. ಮಕ್ಕಳು ಸ್ವಾಭಾವಿಕವಾಗಿ ಬಲಗಾಲಿನಲ್ಲಿಯೇ ಕುಂಟುತ್ತಾರೆ. ಒಂದಾಟ ಬಲಗಾಲು, ಒಂದಾಟ ಎಡಗಾಲು ಎಂಬ ಕಟ್ಟಳೆ ಹಾಕಿದರೆ ಎರಡೂ ಕಾಲು ಸಮನಾಗಿ ಬಲಗೊಳ್ಳುತ್ತವೆ.

ಐದಾರು ವರ್ಷದವರಿಗೆ ಮುಟ್ಟಾಟ, ಕುಂಟಾಟ, ಹಗ್ಗದಾಟ, ಸೈಕಲ್ಲಿನ ಹಳೆಯ ಟೈರನ್ನು ಕೋಲಿನಿಂದ ಓಡಿಸುವುದು ಎಲ್ಲವೂ ಸೊಗಸು. ಮುಟ್ಟಾಟದಲ್ಲಿ ಮೇಲ್ನೋಟಕ್ಕೆ ಕಾಣುವುದು ಬರೀ ಓಟ. ಆದರೆ ಬೆನ್ನಟ್ಟಿದವರ ಭುಜ ಎತ್ತ ತಿರುಗಿತೆಂದು ನೋಡಿ ಇತ್ತ ನುಣುಚಿಕೊಳ್ಳುವ ವಿದ್ಯೆ ಅದರಲ್ಲಿದೆ. ಮುಂದೆ ಕಬಡ್ಡಿಗೂ, ಫುಟ್‌ಬಾಲಿಗೂ ಬೇಕಾಗುವುದು ಈ ವಿದ್ಯೆಯೇ.

ಆರೇಳು ವರ್ಷಕ್ಕೆ ಲಗೋರಿ. ಏಳು ಚಪ್ಪಟೆ ಕಲ್ಲುಗಳನ್ನು ಒಂದರ ಮೇಲೊಂದು ಪೇರಿಸಿ, ಚೆಂಡಿನಿಂದ ಉರುಳಿಸಿ, ಎದುರು ಪಕ್ಷದವರ ಚೆಂಡಿಗೆ ಮೈಯೊಡ್ಡದೆ ಮತ್ತೆ ಪೇರಿಸುವ ಈ ಆಟ ನಿಮಗೆಲ್ಲ ಪರಿಚಿತವೇ. ಎಸೆತ ಪಕ್ವವಾಗುವ ವಯಸ್ಸು ಇದು. ಮಗು ಎಸೆಯುವಾಗ ಅದರ ಕಾಲುಗಳನ್ನು ಗಮನಿಸಿ. ಬಲಗೈಯಿಂದ ಎಸೆಯುವಾಗ ಬಲಗಾಲನ್ನೇ ಮುಂದಿಡುತ್ತಿದ್ದರೆ, “ಎಡಗಾಲು ಮುಂದಿಡು, ಎಡಭುಜ ಕಲ್ಲಿನ ಕಡೆ ತಿರುಗಿಸು” ಎಂದು ಒಂದು ಮಾತು ಹೇಳಿರಿ. ಇಷ್ಟರಿಂದಲೇ ಎಸೆತದ ದೂರ ಹೆಚ್ಚುವುದನ್ನು ಕಾಣುವಿರಿ. ಹಿರಿಯರು ಮಾಡಬೇಕಾದ ಉಪದೇಶ ಇಷ್ಟೇ. ಉಳಿದುದನ್ನು ಆಟವೇ ಕಲಿಸುತ್ತದೆ. ಚಿಕ್ಕವರಿಗೆ ಏಳರ ಬದಲು ನಾಲ್ಕು ಕಲ್ಲು, ಬಟ್ಟೆಯ ಚೆಂಡು, ಮತ್ತು ತಲೆಗೆ ಹೊಡೆಯಬಾರದೆಂಬ ಕಟ್ಟು ಇರಲಿ.

ಎಂಟರ ನಂತರ ಖೋ ಖೋ, ಮರಕೋತಿ. ಖೋ ಖೋ ಆಟವನ್ನು ಹಳ್ಳಿಯ ಹುಡುಗಾಟವೆಂದು ತಾತ್ಸಾರ ಮಾಡುವವರಿಗೆ ಒಂದು ಸಂಗತಿ ತಿಳಿಸಬಯಸುತ್ತೇನೆ. 2025ರ ಜನವರಿಯಲ್ಲಿ ನವದೆಹಲಿಯಲ್ಲಿ ನಡೆದ ಮೊಟ್ಟಮೊದಲ ಖೋ ಖೋ ವಿಶ್ವಕಪ್ಪನ್ನು ಗೆದ್ದ ಭಾರತದ ಮಹಿಳಾ ತಂಡದಲ್ಲಿ ಮೈಸೂರು ಜಿಲ್ಲೆ ಟಿ. ನರಸೀಪುರ ತಾಲ್ಲೂಕಿನ ಕುರುಬೂರು ಗ್ರಾಮದ ಚೈತ್ರಾ ಇದ್ದರು. ಕರ್ನಾಟಕದಲ್ಲಿ 1975ರ ಅಕ್ಟೋಬರ್ 2ರಂದು ಅಂಗನವಾಡಿಗಳು ಪ್ರಾರಂಭವಾದುದೂ ಇದೇ ಟಿ. ನರಸೀಪುರದಲ್ಲಿಯೇ. ಅಂಗನವಾಡಿ ಎಂಬ ಹೆಸರಿನಲ್ಲೇ ಅಂಗಳವಿದೆ. ಹೆಸರಿಗೆ ತಕ್ಕಂತೆ ಮುಂದೊಂದಿಷ್ಟು ಬಯಲು ಇಲ್ಲದ ಕೇಂದ್ರಗಳನ್ನು ಕಂಡಾಗ ವಿಷಾದವಾಗುತ್ತದೆ. ಅಂತಹ ಊರುಗಳಲ್ಲಿ ಗ್ರಾಮ ಪಂಚಾಯಿತಿಯವರು ದೇವಸ್ಥಾನದ ಬಯಲನ್ನೋ, ಕಣವನ್ನೋ ಸಂಜೆಯ ಹೊತ್ತು ಮಕ್ಕಳಿಗೆ ಬಿಡಿಸಿಕೊಡಬಹುದು.

ಒಂದು ಆಟದಲ್ಲಿ ಮಗು ಸ್ವಲ್ಪ ಚುರುಕು ತೋರಿಸಿದೊಡನೆ ಅದೊಂದಕ್ಕೇ ಕಟ್ಟಿಹಾಕಿ, ಆರನೆಯ ವರ್ಷದಿಂದಲೇ ಬೆಳಗಿನ ಜಾವ ತರಬೇತಿಗೆ ಅಟ್ಟುವ ಉತ್ಸಾಹ ನಗರಗಳಲ್ಲಿ ಹೆಚ್ಚುತ್ತಿದೆ. ಬೆಳೆಯುವ ಮೂಳೆಯ ತುದಿಗಳು ಒಂದೇ ಬಗೆಯ ಪೆಟ್ಟನ್ನು ದಿನವೂ ತಾಳಲಾರವು. ಹದಿನೈದು ಹದಿನಾರು ವರ್ಷದವರೆಗೆ ಒಂದೇ ಕ್ರೀಡೆಗೆ ಸೀಮಿತಗೊಳಿಸಬಾರದೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯು 2016ರಲ್ಲಿ ಸಲಹೆ ನೀಡಿದೆ. ಹತ್ತು ಬಗೆಯ ಆಟವಾಡಿದ ಮಗುವಿಗೆ ಮುಂದೆ ಯಾವ ಕ್ರೀಡೆಯಾದರೂ ಬೇಗ ಒಲಿಯುತ್ತದೆ.

ತಮ್ಮನನ್ನು ಹೊತ್ತ ಅಕ್ಕ

ಸಂಜೆ ಯಾವುದೇ ಊರಿನ ಬೀದಿಯಲ್ಲಿ ನಿಂತು ನೋಡಿರಿ. ಲಗೋರಿ ನಡೆದಿರುತ್ತದೆ. ಸ್ವಲ್ಪ ದೂರದಲ್ಲಿ ಏಳೆಂಟು ವರ್ಷದ ಹುಡುಗಿಯೊಬ್ಬಳು ಒಂದು ವರ್ಷದ ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು, ಒಂದು ಕಡೆಗೆ ವಾಲಿ ನಿಂತು, ಆಟ ನೋಡುತ್ತಿರುತ್ತಾಳೆ. ಅವಳ ತೂಕ 20 ಕಿಲೋ ಇದ್ದೀತು. ಕೂಸಿನದು 8 ಅಥವಾ 9 ಕಿಲೋ. ವಯಸ್ಕ ಗಂಡಸೊಬ್ಬನಿಗೆ ಇದೇ ಪ್ರಮಾಣದ ಭಾರವನ್ನು ದಿನವೂ ಸಂಜೆ ಒಂದೇ ಪಕ್ಕದಲ್ಲಿ ಹೊರಲು ಹೇಳಿದರೆ ಅವನು ಒಪ್ಪಲಾರ. ಅವಳ ಬೆನ್ನಿಗೆ ಆಗುವ ಆಯಾಸ ಒಂದೆಡೆ. ಅದಕ್ಕಿಂತ ದೊಡ್ಡ ನಷ್ಟವೆಂದರೆ ಅವಳು ಎಸೆಯಬೇಕಾದ ವಯಸ್ಸಿನಲ್ಲಿ ಎಸೆಯಲಿಲ್ಲ, ಓಡಬೇಕಾದ ವಯಸ್ಸಿನಲ್ಲಿ ಓಡಲಿಲ್ಲ. “ಹೆಣ್ಣುಮಕ್ಕಳಿಗೆ ಚೆಂಡೆಸೆಯಲು ಬರುವುದಿಲ್ಲ” ಎಂದು ನಗುವವರು ಇದನ್ನು ಯೋಚಿಸಬೇಕು. ಎಳೆಯ ವಯಸ್ಸಿನಲ್ಲಿ ಹುಡುಗನ ಸ್ನಾಯುಬಲಕ್ಕೂ ಹುಡುಗಿಯ ಸ್ನಾಯುಬಲಕ್ಕೂ ಇರುವ ವ್ಯತ್ಯಾಸ ಅಲ್ಪ. ಅಭ್ಯಾಸದಲ್ಲಿ ಇರುವ ವ್ಯತ್ಯಾಸವೇ ಅಪಾರ.

ಇದರಲ್ಲಿ ಆರೋಗ್ಯದ ಪ್ರಶ್ನೆಯೂ ಅಡಗಿದೆ. ಮುಪ್ಪಿನಲ್ಲಿ ಮೂಳೆ ಸವೆದು, ಸಣ್ಣ ಬೀಳಿಗೇ ಸೊಂಟದ ಮೂಳೆ ಮುರಿದುಕೊಳ್ಳುವವರಲ್ಲಿ ಹೆಂಗಸರೇ ಹೆಚ್ಚು. ಬಾಲ್ಯದಲ್ಲಿ ಹಾಗೂ ಹರೆಯದಲ್ಲಿ ಕಟ್ಟಿಕೊಂಡ ಮೂಳೆಯೇ ಅವರ ಜೀವಮಾನದ ಉಳಿತಾಯ. ಆದುದರಿಂದ ದಿನಕ್ಕೆ ಒಂದು ಗಂಟೆಯಾದರೂ ಕೂಸನ್ನು ಅಜ್ಜನೋ, ತಂದೆಯೋ ಎತ್ತಿಕೊಳ್ಳಲಿ, ಹುಡುಗಿ ಆಟಕ್ಕೆ ಹೋಗಲಿ. ಉದ್ದ ಲಂಗದ ಬದಲು ಓಡಲು ಅನುಕೂಲವಾದ ಚಡ್ಡಿಯನ್ನೋ, ಪೈಜಾಮವನ್ನೋ ತೊಡಿಸಿರಿ. ಮಕ್ಕಳ ನಡುವೆ ಕನಿಷ್ಠ ಮೂರು ವರ್ಷದ ಅಂತರವಿರಲೆಂದು ನಾವು ಹೇಳುವುದು ತಾಯಿಯ ರಕ್ತಹೀನತೆಯನ್ನು ನೆನೆದು. ಆದರೆ ಆ ಅಂತರದ ಲಾಭ ಈ ಅಕ್ಕನಿಗೂ ಸಲ್ಲುತ್ತದೆ. ಎರಡು ಕೂಸುಗಳಿಗೆ ಅವಳೊಬ್ಬಳೇ ಸೊಂಟ ಕೊಡಬೇಕಾಗುವುದಿಲ್ಲ.

ಮಗು ಆಡಲು ಒಲ್ಲದಿದ್ದರೆ

ಆಟವೆಂಬುದು ವೈದ್ಯನಿಗೆ ಒಳ್ಳೆಯ ಪರೀಕ್ಷಾ ಸಾಧನವೂ ಹೌದು. ಜೊತೆಯವರೆಲ್ಲ ಓಡುತ್ತಿರುವಾಗ ಬೇಗ ದಣಿದು ಜಗಲಿ ಸೇರುವ ಮಗುವನ್ನು ಸೋಮಾರಿ ಎನ್ನುವ ಮುನ್ನ ಅದರ ಕಣ್ಣಿನ ಕೆಳರೆಪ್ಪೆ, ನಾಲಗೆ, ಉಗುರುಗಳು ಬಿಳಿಚಿಕೊಂಡಿವೆಯೇ ಎಂದು ನೋಡಿರಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65ಕ್ಕೂ ಹೆಚ್ಚು ಮಂದಿ ರಕ್ತಹೀನರು. ರಕ್ತದಲ್ಲಿ ಕಬ್ಬಿಣಾಂಶವಿಲ್ಲದೆ ಸ್ನಾಯುಗಳಿಗೆ ಪ್ರಾಣವಾಯು ಸಾಲುವುದಿಲ್ಲ; ಅಂತಹ ಮಗುವನ್ನು ಆಡು ಆಡು ಎಂದು ಬಲವಂತಪಡಿಸಿ ಫಲವಿಲ್ಲ. ಐದು ವರ್ಷದೊಳಗಿನವರಿಗೆ ವಾರಕ್ಕೆ ಎರಡು ಸಲ 1 ಮಿ.ಲೀ. ಕಬ್ಬಿಣದ ಸಿರಪ್ಪನ್ನು, ಐದರಿಂದ ಒಂಬತ್ತು ವರ್ಷದವರಿಗೆ ವಾರಕ್ಕೊಂದು ಗುಲಾಬಿ ಬಣ್ಣದ ಮಾತ್ರೆಯನ್ನು ಆಶಾ ಕಾರ್ಯಕರ್ತೆಯರು, ಅಂಗನವಾಡಿ ಹಾಗೂ ಶಾಲೆಗಳ ಮೂಲಕ ಉಚಿತವಾಗಿ ಕೊಡಲಾಗುತ್ತದೆ. ಬರಿಗಾಲಿನಲ್ಲಿ ಆಡುವ ಮಕ್ಕಳ ಪಾದದ ಚರ್ಮದ ಮೂಲಕ ಕೊಕ್ಕೆಹುಳು ಒಳಸೇರಿ ರಕ್ತ ಹೀರುತ್ತದೆ. ಆದುದರಿಂದ ಬಯಲುಕಡೆಗೆ ಬಳಸುವ ನೆಲದಲ್ಲಿ ಆಟ ಬೇಡ, ಮತ್ತು ಜಂತುಹುಳು ನಿವಾರಣಾ ದಿನದಂದು ಕೊಡುವ ಮಾತ್ರೆಯನ್ನು ತಪ್ಪಿಸಬೇಡಿ.

ಇನ್ನು ಕೆಲವು ಚಿಹ್ನೆಗಳನ್ನು ಆಟದ ಬಯಲಿನಲ್ಲಿಯೇ ಗುರುತಿಸಬಹುದು. ಓಡುತ್ತಾ ಓಡುತ್ತಾ ನಡುವೆ ಕುಕ್ಕರಗಾಲಿನಲ್ಲಿ ಕುಳಿತುಬಿಡುವ, ತುಟಿ ಮತ್ತು ಉಗುರು ನೀಲಿಗಟ್ಟುವ ಮಗುವಿಗೆ ಹುಟ್ಟಿನಿಂದ ಬಂದ ಹೃದಯದ ದೋಷವಿರಬಹುದು. ಓಡಿದ ನಂತರ ಪ್ರತಿ ಸಲವೂ ಕೆಮ್ಮು ಬರುವುದು ಉಬ್ಬಸದ ಲಕ್ಷಣವಾಗಿರಬಹುದು. ಸರಿಯಾದ ಔಷಧಿ ಕೊಟ್ಟರೆ ಆಟ ನಿಲ್ಲಿಸಬೇಕಾಗಿಲ್ಲ. ಕಾಲು ಬಿಲ್ಲಿನಂತೆ ಬಾಗಿರುವುದು ಎರಡು ವರ್ಷದವರೆಗೆ, ಮಂಡಿಗಳು ಒಂದಕ್ಕೊಂದು ತಾಗುವುದು ಮೂರು ನಾಲ್ಕು ವರ್ಷದಲ್ಲಿ ಸಹಜ. ಏಳರ ನಂತರವೂ ಉಳಿದರೆ ತೋರಿಸಬೇಕು. ನಾಲ್ಕೈದು ವರ್ಷದ ಗಂಡುಮಗು ನೆಲದಿಂದ ಏಳುವಾಗ ಅಂಗೈಗಳನ್ನು ಮೊಣಕಾಲಿಗೂ ತೊಡೆಗೂ ಊರಿ ತನ್ನ ಮೈಯನ್ನೇ ತಾನು ಹತ್ತುವಂತೆ ಎದ್ದರೆ, ಮೀನಖಂಡಗಳು ಅಸಹಜವಾಗಿ ದಪ್ಪವಾಗಿದ್ದರೆ, ತಡಮಾಡದೆ ಕರೆತನ್ನಿ. ಇದು ವಂಶದಲ್ಲಿ ಬರಬಹುದಾದ ಸ್ನಾಯುರೋಗವಿರಬಹುದಾದುದರಿಂದ ತಾಯಿಯು ಮುಂದಿನ ಗರ್ಭಕ್ಕೆ ಮುನ್ನ ಸಲಹೆ ಪಡೆಯುವುದು ಅತ್ಯವಶ್ಯಕ. ಹಿಂದಿನ ದಿನಗಳಲ್ಲಿ ಕುಂಟುವ ಮಗುವನ್ನು ಕಂಡೊಡನೆ ಪೋಲಿಯೋ ನೆನಪಾಗುತ್ತಿತ್ತು. ಭಾರತದಲ್ಲಿ ಪ್ರಕೃತಿಸಹಜ ಪೋಲಿಯೋ ವೈರಾಣುವಿನ ಕೊನೆಯ ಪ್ರಕರಣ 2011ರ ಜನವರಿಯದು. ಲಸಿಕೆಯ ಹನಿಗಳನ್ನು ತಪ್ಪದೆ ಹಾಕಿಸಿದ ನಿಮ್ಮ ತಾಯಂದಿರಿಗೆ ಇದರ ಶ್ರೇಯಸ್ಸಿನಲ್ಲಿ ಪಾಲಿದೆ. ಈ ಎಲ್ಲ ದೋಷಗಳ ತಪಾಸಣೆಗೆಂದು 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯರ ತಂಡಗಳು ಅಂಗನವಾಡಿಗೆ ವರ್ಷಕ್ಕೆ ಎರಡು ಬಾರಿ, ಸರ್ಕಾರಿ ಶಾಲೆಗೆ ಒಂದು ಬಾರಿ ಬರುತ್ತವೆ. ಆ ದಿನ ಮಗುವನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡಿ.

ಪೆಟ್ಟು, ಗಾಯ

ಆಟವಿದ್ದಲ್ಲಿ ಗಾಯವಿದೆ. ತರಚು ಗಾಯವನ್ನು ಸಾಬೂನು ಮತ್ತು ಧಾರಾಳ ನೀರಿನಿಂದ ತೊಳೆಯಿರಿ. ಕಾಫಿಪುಡಿ, ಸುಣ್ಣ, ಸಗಣಿ ಹಚ್ಚಬೇಡಿ. ಒಂದೂವರೆ ವರ್ಷದ ಸುಮಾರಿಗೆ ಹಾಗೂ ಐದಾರು ವರ್ಷಕ್ಕೆ ಹಾಕಿಸಬೇಕಾದ ಡಿ.ಪಿ.ಟಿ. ವರ್ಧಕ ಚುಚ್ಚುಮದ್ದು ಆಗಿದ್ದರೆ ಧನುರ್ವಾಯುವಿನ ಭಯ ಬಹಳ ಮಟ್ಟಿಗೆ ಇರುವುದಿಲ್ಲ. ಬೇಸಿಗೆಯಲ್ಲಿ ಹನ್ನೊಂದರಿಂದ ನಾಲ್ಕರವರೆಗೆ ಆಟ ಬೇಡ. ಆಟದ ನಡುವೆ ಕೇಳದಿದ್ದರೂ ನೀರು ಕುಡಿಸಿರಿ. ಚಿನ್ನಿದಾಂಡು ನನಗೂ ಪ್ರಿಯವಾದ ಆಟವೇ. ಆದರೆ ಚೂಪಾದ ಚಿನ್ನಿ ಕಣ್ಣಿಗೆ ಬಡಿದು ದೃಷ್ಟಿ ಕಳೆದುಕೊಂಡ ಮಕ್ಕಳಿರುವುದರಿಂದ ಎಳೆಯರಿಗೆ ಅದನ್ನು ಕೊಡಬೇಡಿ, ದೊಡ್ಡವರು ಆಡುವಾಗ ಎದುರಿಗೆ ನಿಲ್ಲಗೊಡಬೇಡಿ. ಆರು ವರ್ಷದ ಮೇಲಿನವರ ಶಾಶ್ವತ ಹಲ್ಲು ಬೇರುಸಹಿತ ಕಿತ್ತುಬಂದರೆ, ಬೇರನ್ನು ಮುಟ್ಟದೆ ಹಾಲಿನಲ್ಲಿ ಹಾಕಿಕೊಂಡು ಒಂದು ಗಂಟೆಯೊಳಗೆ ದಂತವೈದ್ಯರ ಬಳಿ ಹೋದರೆ ಅದನ್ನು ಮರಳಿ ಕೂರಿಸುವ ಸಾಧ್ಯತೆ ಇದೆ.

ಐದು ವರ್ಷದೊಳಗಿನ ಮಗುವಿನ ಮುಂಗೈ ಹಿಡಿದು ಮೇಲೆತ್ತಿ ಗಿರಗಿರನೆ ತಿರುಗಿಸುವುದು ಅನೇಕ ಚಿಕ್ಕಪ್ಪಂದಿರ ಮೆಚ್ಚಿನ ಆಟ. ಇದರಿಂದ ಮೊಣಕೈಯ ಕೀಲು ಸರಿಯುತ್ತದೆ. ಮಗು ಕೈ ಜೋತುಬಿಟ್ಟು ಅಳುತ್ತದೆ. ಎತ್ತುವುದಾದರೆ ಕಂಕುಳಡಿ ಹಿಡಿದು ಎತ್ತಬೇಕು.

ಮರದಿಂದಲೋ, ಜೋಕಾಲಿಯಿಂದಲೋ ಬಿದ್ದು ಅಂಗೈ ಊರಿದಾಗ ಮೊಣಕೈಗಿಂತ ತುಸು ಮೇಲೆ ಮೂಳೆ ಮುರಿಯುವುದು ಐದರಿಂದ ಎಂಟು ವರ್ಷದವರಲ್ಲಿ ಸಾಮಾನ್ಯ. ಮೊಣಕೈ ಬಾತು ನೋವಿದ್ದರೆ ಕೈಯನ್ನು ಇದ್ದ ಸ್ಥಿತಿಯಲ್ಲಿಯೇ ಒಂದು ಟವೆಲಿನಲ್ಲಿ ಕತ್ತಿಗೆ ತೂಗಿಸಿ ನೇರವಾಗಿ ಆಸ್ಪತ್ರೆಗೆ ಕರೆತನ್ನಿ. ಬಿದಿರು ದಬ್ಬೆ ಇಟ್ಟು ಬಿಗಿಯಾಗಿ ಕಟ್ಟು ಹಾಕಿಸಿದರೆ, ಒಳಗಿನ ಬಾವು ಮತ್ತು ಹೊರಗಿನ ಬಿಗಿತದ ನಡುವೆ ರಕ್ತನಾಳ ಒತ್ತಿಹೋಗಿ, ಕೆಲವೇ ಗಂಟೆಗಳಲ್ಲಿ ಸ್ನಾಯುಗಳು ಸಾಯುತ್ತವೆ. ಬೆರಳುಗಳು ಜೀವನಪರ್ಯಂತ ಮಡಿಚಿಕೊಂಡೇ ಉಳಿಯುತ್ತವೆ. ಯಾರು ಹಾಕಿದ ಕಟ್ಟೇ ಆಗಿರಲಿ, ಆಸ್ಪತ್ರೆಯ ಪಟ್ಟಿಯೇ ಆಗಿರಲಿ, ಬೆರಳು ತಣ್ಣಗಾದರೆ, ಬಿಳಿಚಿದರೆ, ಜೋಮು ಹಿಡಿದರೆ, ಬೆರಳು ನೇರ ಮಾಡಿದಾಗ ಮಗು ಚೀರಿದರೆ ಬೆಳಗಾಗುವವರೆಗೆ ಕಾಯದೆ ಕಟ್ಟು ಬಿಚ್ಚಿಸಬೇಕು. ಮೂರು ನಾಲ್ಕು ವಾರಗಳ ನಂತರ ಪಟ್ಟಿ ತೆಗೆದಾಗ ಮೊಣಕೈ ಪೂರ್ತಿ ಬಿಡಿಸಲು ಬರುವುದಿಲ್ಲ. ಆಗ ಎಣ್ಣೆ ಹಚ್ಚಿ ತಿಕ್ಕಿ ಎಳೆಯಬಾರದು. ಎಳೆದಷ್ಟೂ ಕೀಲು ಬಿಗಿಯುತ್ತದೆ. ಆ ಕೈಗೆ ಒಂದು ಬಟ್ಟೆಯ ಚೆಂಡು ಕೊಟ್ಟು ಅಂಗಳಕ್ಕೆ ಬಿಡಿರಿ. ಕೆಲವು ವಾರಗಳಲ್ಲಿ ಮಗು ಆಡುತ್ತಾ ಆಡುತ್ತಾ ತಾನೇ ಅದನ್ನು ಬಿಡಿಸಿಕೊಳ್ಳುತ್ತದೆ.